ಡ್ರಾಯರಿನ ಹನ್ನೊಂದು ಕಾಳು

ಎಂಥ ಸೆಖೆಯಲ್ಲೂ ಕಂದು ಸ್ವೆಟರ್ ತೊಟ್ಟು ಓಡಾಡುವ ಹೆಂಗಸನ್ನು ಜನ ಸ್ವೆಟರಕ್ಕ ಎನ್ನದೆ ಇನ್ನೇನೆಂದಾರು? ಎಣ್ಣೆಬೀಜಗಳ ಸಂಶೋಧನಾ ಕೇಂದ್ರಕ್ಕೆ ಕಸ ಗುಡಿಸಲು ಬಂದವಳು, ಬೀಜದ ಕೋಣೆಯ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಇಪ್ಪತ್ತೆಂಟು ವರ್ಷ ಕಳೆದಿದ್ದಳು. ಆ ಕೋಣೆ ಸದಾ ತಣ್ಣಗಿರಬೇಕು. ಅದರೊಳಗಿನ ಡೀಪ್ ಫ್ರೀಜರಿನಲ್ಲಂತೂ ಕೈಯಿಟ್ಟರೆ ಬೆರಳು ಮರಗಟ್ಟುತ್ತಿತ್ತು. ದರ್ಜಿ ಕೆಲಸದ ಗಂಡನಿಗೆ ಇದೆಲ್ಲ ತಮಾಷೆ. "ಅಡುಗೆಮನೆ ಡಬ್ಬಿಗೆಲ್ಲ ತಾರೀಖು ಬರೆದು ಅಂಟಿಸಿದ್ದಾಳೆ, ಇನ್ನು ನನ್ನ ಹಣೆಯೊಂದೇ ಬಾಕಿ," ಎಂದು ಗಿರಾಕಿಗಳೆದುರು ನಗುತ್ತಿದ್ದ.

ನಗಲಿ ಬಿಡಿ. ಅವಳಿಗಿದ್ದದ್ದು ಒಂದೇ ಹೆಮ್ಮೆ: ತನ್ನ ಕೈಯಲ್ಲಿ ಒಂದು ಬೀಜವೂ ಸತ್ತಿಲ್ಲ. ಕರೆಂಟು ಹೋದ ದಿನ ಊಟ ಬಿಟ್ಟು ಥರ್ಮಾಮೀಟರಿನ ಮುಂದೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತವಳು ಅವಳು. ನಿವೃತ್ತಿಗೆ ಇನ್ನು ಏಳೇ ತಿಂಗಳು ಉಳಿದಿತ್ತು.

ಅಲ್ಲಿಯ ಡಾಕ್ಟರಮ್ಮನದು ನಾಲ್ಕು ವರ್ಷದ ತಪಸ್ಸು. ರೋಗಿಗಳ ಡಾಕ್ಟರಲ್ಲ, ಸಾಸಿವೆಯ ಡಾಕ್ಟರು. ಬೀಜದೊಳಗೆ ಎಣ್ಣೆ ಡಬ್ಬಿಯಲ್ಲಿ ಸುರಿದಂತೆ ಇರುವುದಿಲ್ಲವಂತೆ. ಕಣ್ಣಿಗೆ ಕಾಣದ ಸಣ್ಣ ಸಣ್ಣ ಹನಿಗಳಾಗಿರುತ್ತದೆ, ಒಂದಕ್ಕೊಂದು ಕೂಡಿಕೊಳ್ಳದ ಹಾಗೆ ಪ್ರತಿ ಹನಿಗೂ ಪ್ರೋಟೀನಿನ ತೆಳು ಅಂಗಿ. ಆ ಪ್ರೋಟೀನ್ ಕಡಿಮೆಯಾದರೆ ಹನಿಗಳು ದಪ್ಪಗಾಗಿ ಎಣ್ಣೆ ಸಲೀಸಾಗಿ ಹೊರಬಂದೀತು ಎಂಬ ಆಸೆಯಿಂದ ಡಾಕ್ಟರಮ್ಮ ಹೊಸ ತಳಿಯನ್ನೇ ಬೆಳೆಸಿದ್ದರು. ಸಿಕ್ಕಿದ್ದು ಒಂದು ಪೊಟ್ಟಣ, ಮುನ್ನೂರು ಕಾಳು. "ಅಕ್ಕ, ಇದು ನನ್ನ ಕೂಸು. ಶೆಲ್ಫಿನಲ್ಲಿಡಿ," ಎಂದು ಕೊಟ್ಟುಹೋದರು.

ಕೂಸನ್ನು ಶೆಲ್ಫಿನಲ್ಲಿಡುವುದೇ? ಸ್ವೆಟರಕ್ಕನ ಲೆಕ್ಕದಲ್ಲಿ ಶೆಲ್ಫು ದಿನಬಳಕೆಯ ಬೀಜಕ್ಕೆ, ಫ್ರೀಜರು ಬಂಗಾರದಂಥ ಬೀಜಕ್ಕೆ. ಹೆಪ್ಪುಗಟ್ಟಿ ಮಲಗಿದ ಸಾಸಿವೆ ವರ್ಷಗಟ್ಟಲೆ ಬದುಕಿದ್ದನ್ನು ಅವಳೇ ಕಂಡಿದ್ದಳು. ಯಾರಿಗೂ ಹೇಳದೆ ಪೊಟ್ಟಣವನ್ನು ಫ್ರೀಜರಿನ ತಳದಲ್ಲಿ ಮಲಗಿಸಿದಳು. ಆರು ತಿಂಗಳ ಮೇಲೆ ಡಾಕ್ಟರಮ್ಮ ಕೇಳಿದಾಗ ಹೊರತೆಗೆದು, ತಣುವು ಆರಿಸಿ, ಕೈಗಿತ್ತಳು.

ವಾರ ಕಳೆಯಿತು. ಒದ್ದೆ ಕಾಗದದ ಮೇಲೆ ಹರಡಿದ ಮಾಮೂಲಿ ಸಾಸಿವೆ ಎರಡೆರಡು ಎಲೆ ಬಿಟ್ಟಿತ್ತು. ಪಕ್ಕದ ತಟ್ಟೆಗಳಲ್ಲಿ ಮುನ್ನೂರರಲ್ಲಿ ಒಂದೂ ಮಿಸುಕಿರಲಿಲ್ಲ. ಡಾಕ್ಟರಮ್ಮ ಅವಳನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿ ಒಳಗನ್ನು ತೋರಿಸಿದರು. ಹನಿಗಳೆಲ್ಲ ಒಂದರೊಳಗೊಂದು ನುಗ್ಗಿ, ಒಡೆದು, ಕೆಸರಾಗಿದ್ದವು. ಈ ಪ್ರೋಟೀನ್ ಕಡಿಮೆಯಾದ ಬೀಜಕ್ಕೆ ಜೀವವೇ ಇಲ್ಲವೆಂದು ನಾಳೆ ಬರೆದುಕೊಟ್ಟು ಕೆಲಸ ನಿಲ್ಲಿಸುತ್ತೇನೆ ಎಂದರು ಡಾಕ್ಟರಮ್ಮ.

"ಫ್ರೀಜರಲ್ಲಿಟ್ರೆ ಹಿಂಗಾಗುತ್ತಾ, ಮೇಡಂ?" ಬಾಯಿ ತಪ್ಪಿ ಬಂದ ಮಾತು.

"ಅಂಗಿ ಸಾಲದ ಹನಿ ಅಲ್ವಾ, ಆಗಬಹುದು. ಆದರೆ ಇವು ಶೆಲ್ಫಲ್ಲಿದ್ದವಲ್ಲ," ಎಂದರು ಅವರು, ತಲೆಯೆತ್ತದೆ.

ಎದ್ದು ಹೋದದ್ದು, ಬಸ್ಸು ಹತ್ತಿದ್ದು, ಇಳಿದದ್ದು ಯಾವುದೂ ಸ್ವೆಟರಕ್ಕನಿಗೆ ನೆನಪಿಲ್ಲ. ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು. ಯಾರೂ ನೋಡಿಲ್ಲ, ನಿವೃತ್ತಿಗೆ ಇನ್ನು ಎರಡೇ ವಾರ, ಅಲ್ಲಿವರೆಗೆ ಬಾಯಿಗೆ ಬೀಗ ಹಾಕ್ಕೊಂಡಿರು ಎಂದ ಅವನು, ಪಾಪ, ಹೆಂಡತಿಯ ಮೇಲಿನ ಕಕ್ಕುಲಾತಿಯಿಂದಲೇ. ಅವಳು ತಟ್ಟೆ ಸರಿಸಿ ಎದ್ದಳು. ಬಾಯಿ ಮುಚ್ಚಿಕೊಂಡರೆ ಹೆಸರು ಉಳಿಯುತ್ತದೆ, ಡಾಕ್ಟರಮ್ಮನ ನಾಲ್ಕು ವರ್ಷ ಸುಳ್ಳಿನ ಮೇಲೆ ಮಣ್ಣುಪಾಲಾಗುತ್ತದೆ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ಬಾಗಿಲಲ್ಲಿ ನಿಂತಳು. "ಮೇಡಂ, ಬೀಜದ ತಪ್ಪಲ್ಲ. ನಾನೇ ಫ್ರೀಜರಲ್ಲಿಟ್ಟಿದ್ದೆ."

ಡಾಕ್ಟರಮ್ಮ ಗರಬಡಿದವರಂತೆ ನೋಡಿದರು. ಒಂದು ಮಾತು ಬೈದಿದ್ದರೂ ಅವಳಿಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ, ಮೇಜಿನ ಡ್ರಾಯರನ್ನೇ ಕಿತ್ತು ಕಾಗದದ ಮೇಲೆ ಬೋರಲು ಹಾಕಿದರು. ಗುಂಡುಸೂಜಿ, ಚಾಕಲೇಟ್ ಕಾಗದ, ಮುರಿದ ಪೆನ್ಸಿಲ್, ಕಾಳು ತುಂಬುವಾಗ ಹರಿದುಹೋಗಿದ್ದ ಹಳೆಯ ಲಕೋಟೆ. ಅದರ ಮೂಲೆಯಲ್ಲಿ ಹೊಟ್ಟಿನ ಜೊತೆ, ಫ್ರೀಜರು ಕಾಣದ ಅದೇ ತಳಿಯ ಹನ್ನೊಂದು ಕಾಳು ಸಿಕ್ಕಿಕೊಂಡಿದ್ದವು. ನೆಲಕ್ಕೆ ಬಿದ್ದಿದ್ದರೆ ಸ್ವೆಟರಕ್ಕನೇ ಗುಡಿಸಿ ಎಸೆಯುತ್ತಿದ್ದಳು.

ನಾಲ್ಕನೇ ದಿನ ಡಾಕ್ಟರಮ್ಮ ಓಡಿಬಂದು ಅವಳನ್ನು ಕೈಹಿಡಿದು ಎಳೆದೊಯ್ದರು. ಒದ್ದೆ ಕಾಗದದ ಮೇಲೆ ಹನ್ನೊಂದಕ್ಕೆ ಹನ್ನೊಂದೂ ಬಾಲ ಬಿಟ್ಟಿದ್ದವು. ತಳಿಗೆ ಜೀವವಿದೆ, ಆ ಅಂಗಿ ಬೀಜವನ್ನು ಹಿಮದಿಂದ ಕಾಯುತ್ತದೆ, ನೀವು ಹೇಳದಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ ಎಂದು ಡಾಕ್ಟರಮ್ಮ ಒಂದೇ ಉಸಿರಿಗೆ ಹೇಳುತ್ತ ಅವಳ ಭುಜ ಅಲುಗಿಸಿದರು.

ಸ್ವೆಟರಕ್ಕ ಆ ಬಿಳಿ ಬಾಲಗಳನ್ನು ಒಂದೊಂದಾಗಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಹಂಗಾದ್ರೆ ಆ ಮುನ್ನೂರಕ್ಕೂ ಜೀವ ಇತ್ತು, ಅಲ್ವಾ ಮೇಡಂ?"

ಭುಜದ ಮೇಲಿದ್ದ ಕೈ ಅಲ್ಲೇ ನಿಂತುಹೋಯಿತು.