ಲಾಭ, ಎರಡು, ಮೂರು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಕೂತು, ಬೇರೇನೋ ಮಾತಾಡಿ ಎದ್ದಿದ್ದೇನೆ. ಇನ್ನೂ ಮುಂದೂಡಿದರೆ ಹೇಳುವುದೇ ಇಲ್ಲ.

ಮಗ ಬಳ್ಳಾರಿಯಲ್ಲಿ ಮನೆ ಮಾಡುವವನಿದ್ದ. ಮೊಮ್ಮಗಳನ್ನು ಅಲ್ಲಿನ ಶಾಲೆಗೆ ಸೇರಿಸಬೇಕಿತ್ತು. ಮಗುವಿಗೆ ಎಣಿಸಲು ಬರುತ್ತದೆಯೇ ಎಂದು ನೋಡಿಯೇ ಸೇರಿಸಿಕೊಳ್ಳುತ್ತಾರಂತೆ. ಹೈಸ್ಕೂಲು ಓದಿದವನು ನಾನು, ಕಲಿಸುವ ಕೆಲಸ ಮೈಮೇಲೆ ಹಾಕಿಕೊಂಡೆ. ಸಿರುಗುಪ್ಪದ ನಮ್ಮ ಪಡಸಾಲೆಯಲ್ಲಿ ನಿಂಬೆಹಣ್ಣು ಸಾಲಾಗಿಟ್ಟೆ.

ಅವಳು ಒಂದೊಂದನ್ನೇ ಮುಟ್ಟುತ್ತ ‘ಲಾಭ, ಎರಡು, ಮೂರು’ ಎಂದಳು. ಕಾಳು ಅಳೆಯುವಾಗ ನಮ್ಮ ಕಡೆ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅದನ್ನು ಬಿಡಿಸಲು ಹೋದರೆ ಇನ್ನೊಂದು ತೊಡಕು.

“ಮೂರು ಹಣ್ಣು ಕೊಡವ್ವ.”

ಮೂರನೆಯ ಹಣ್ಣೊಂದನ್ನೇ ಎತ್ತಿಕೊಟ್ಟಳು.

“ಇದು ಒಂದ ಐತಲ್ಲ?”

“ಇಲ್ಲ ತಾತ, ಇದ ಮೂರು. ಅದು ಎರಡು.”

ಹಣ್ಣಿಗೊಂದು ಹೆಸರಿಟ್ಟಂತೆ ಅವಳ ಲೆಕ್ಕ. ಸಾಲನ್ನು ಅಗಲಿಸಿದರೆ ಹಣ್ಣು ಜಾಸ್ತಿಯಾದವು ಎನ್ನುವಳು. ಒತ್ತಿಟ್ಟರೆ, “ಕಮ್ಮಿ ಆದ್ವು. ನೀ ತಿಂದೇನು?” ಎಂದು ನನ್ನನ್ನೇ ಕೇಳುವಳು. ರೇಗಿ, ದಡ್ಡಿ ಎಂದು ಬೈದೆ. ಮೂರು ಎನ್ನುವುದು ಯಾವ ಒಂದು ಹಣ್ಣಿನಲ್ಲೂ ಇಲ್ಲ, ಎಲ್ಲ ಸೇರಿದಾಗ ಮಾತ್ರ ಇದೆ. ಅದನ್ನು ತೋರಿಸುವುದು ಹೇಗೆಂದು ನನಗೇ ತಿಳಿದಿರಲಿಲ್ಲ.

ಬಳ್ಳಾರಿಯಲ್ಲಿ ಟೀಚರು ಒಂದು ಪೆನ್ಸಿಲ್ ಹಿಡಿದು ಎಷ್ಟು ಎಂದು ಕೇಳಿದರು. “ಲಾಭ” ಎಂದಳು. ಅವರು ನಕ್ಕು, ಮುಂದಿನ ವರ್ಷ ಕರೆತನ್ನಿ ಎಂದರು. ಮಗ ಮನೆ ಮಾಡುವುದೂ ಮುಂದಕ್ಕೆ ಹೋಯಿತು.

ಅದಕ್ಕೂ ಮೊದಲು ಮೊಮ್ಮಗಳು ಬೇಸಿಗೆ ಕಳೆದದ್ದು ಕುರುಗೋಡಿನಲ್ಲಿ, ಸೊಸೆಯ ತಾಯಿಯ ಬಳಿ. ಆ ವಾರ ಅವರು ಮಗುವನ್ನು ನೋಡಲು ಬಂದಾಗ ಮನೆಮಂದಿಯ ಎದುರೇ ಹರಿಹಾಯ್ದೆ.

“ಕೂಸಿಗೆ ಕಣದ ಲೆಕ್ಕ ಕಲಿಸಿ ಕಳಿಸೀರಿ. ಸಾಲಿ ಮುಖ ನೋಡದವರ ಕೈಯಾಗ ಬಿಟ್ಟಿದ್ದ ತಪ್ಪಾತು.”

“ನಮ್ಮ ಮನ್ಯಾಗ ಈಗ ಸೇರು ಎಲ್ಲೈತ್ರಿ ಬೀಗರ? ಎಲ್ಲಾ ತಕ್ಕಡಿ,” ಎಂದರು ಅವರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತಂದಿಟ್ಟ ಚಹಾ ಕುಡಿಯದೆ ಎದ್ದು ಹೋದರು.

ಮರುದಿನ ಚೀಲದ ಅಕ್ಕಿಯನ್ನು ಡಬ್ಬಿಗೆ ಅಳೆದು ಹಾಕುತ್ತಿದ್ದೆ. ಮೊದಲ ಸೇರು ಎತ್ತಿದಾಗ ಬಾಯಿ ತಾನಾಗಿ “ಲಾಭ” ಎಂದಿತು. ಎಷ್ಟೋ ವರ್ಷಗಳ ಅಭ್ಯಾಸ. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ನನ್ನ ಹಾಗೆಯೇ ದನಿ ಎಳೆದು, “ಎರಡೂ” ಎಂದಳು. ಬಾಗಿಲಲ್ಲಿ ನಿಂತಿದ್ದ ಸೊಸೆಗೂ ಕೇಳಿಸಿತು.  ನಾನು ತಲೆ ಎತ್ತದೆ ಮುಂದಿನ ಸೇರು ತುಂಬಿಕೊಂಡೆ.

ಆಮೇಲೆ ಸೊಸೆಯ ತಾಯಿ ನಮ್ಮ ಮನೆಗೆ ಬಂದಿಲ್ಲ. ಅವರ ಫೋನು ಬಂದಾಗ, “ಮಾವಾರ, ಮಾತಾಡ್ತೀರೇನು?” ಎಂದು ಸೊಸೆ ಚಾಚುತ್ತಾಳೆ. ನಾನು ಅದನ್ನು ಮಗುವಿನ ಕೈಗೆ ಕೊಟ್ಟು ಹೊರಗೆ ಹೋಗುತ್ತೇನೆ. ತಪ್ಪಾಯಿತು ಎಂಬ ಒಂದು ಮಾತನ್ನು ನಾನು ಇವತ್ತಿಗೂ ಹೇಳದಿರುವುದು ಅವರಿಗೆ, ಕುರುಗೋಡಿನ ನನ್ನ ಬೀಗತಿಗೆ.