ತುಟಿ ಇಲ್ಲದವರ ಭಾಷೆ

ಆಸ್ಪತ್ರೆಯಲ್ಲಿ ನನ್ನ ತಂಗಿಗೆ ‘ಮಾತಿನ ಮೇಡಂ’ ಎಂದೇ ಹೆಸರು. ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರಿಗೆ, ತೊದಲುವ ಮಕ್ಕಳಿಗೆ ಮಾತು ಕಲಿಸುವುದು ಅವಳ ಕೆಲಸ. ಭಾಷಾವಿಜ್ಞಾನ ಓದಿದವಳು. ಎದುರು ಕೂತವರ ಕಣ್ಣು ನೋಡುವುದಿಲ್ಲ, ನಾಲಿಗೆ ಎಲ್ಲಿ ತಾಗಿತು ಎಂದು ಬಾಯನ್ನೇ ನೋಡುತ್ತಾಳೆ. ಒಬ್ಬ ಪುಣ್ಯಾತ್ಮ ಅದನ್ನು ಪ್ರೀತಿ ಎಂದುಕೊಂಡು ಸ್ವಲ್ಪ ದಿನ ಮನೆಗೆ ಬಂದುಹೋಗಿ ಮಾಡಿದ. ‘ನಿಮ್ಮ ಸಕಾರ ಸರಿಯಿಲ್ಲ’ ಎಂದು ಇವಳು ಹೇಳಿದ ಮೇಲೆ ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಅವಳಿಗೆ ಇನ್ನೊಂದು ಹುಚ್ಚಿತ್ತು. ಎಂದೋ ನಿಂತುಹೋದ ಒಂದು ಟೀವಿ ಸೀರಿಯಲ್, ಆಕಾಶನೌಕೆಯದು. ಅದರ ಅಭಿಮಾನಿಗಳು ಇಂಟರ್‌ನೆಟ್ಟಿನಲ್ಲಿ ಒಂದು ಗುಂಪು ಕಟ್ಟಿಕೊಂಡು ಆ ಪಾತ್ರಗಳ ಮೇಲೆ ತಾವೇ ಕತೆ ಬರೆಯುತ್ತಾರೆ. ಉಳಿದವರೆಲ್ಲ ಕ್ಯಾಪ್ಟನ್ನನ ಪ್ರೇಮಪ್ರಸಂಗ ಬರೆದರೆ, ಊರಿಗೇ ಒಂದು ದಾರಿ ಎಡವಟ್ಟನಿಗೇ ಒಂದು ದಾರಿ ಎಂಬಂತೆ ಇವಳು ಹಿಡಿದದ್ದು ಅದರಲ್ಲಿ ಬರುವ ಮೌನಿಗಳೆಂಬ ಅನ್ಯಗ್ರಹದವರನ್ನು. ಸೀರಿಯಲ್ಲಿನಲ್ಲಿ ಅವರು ನೌಕೆಯ ಗಾಜಿನಾಚೆ ನಿಂತು ಒಳಗೆ ನೋಡುತ್ತಾರೆ, ಅಷ್ಟೇ. ಒಂದು ಮಾತೂ ಆಡುವುದಿಲ್ಲ. ಅವರಿಗೆ ತುಟಿಗಳಿಲ್ಲ.

ಅವರಿಗೊಂದು ಭಾಷೆ ಮಾಡಿಕೊಡುತ್ತೇನೆ ಎಂದು ಕೂತಳು.

“ಪದ ಆಮೇಲೆ ಅಕ್ಕಾ, ಮೊದಲು ಬಾಯಿ ಹೇಗಿದೆ ನೋಡ್ಬೇಕು. ತುಟಿ ಇಲ್ಲದೋರು ಪ, ಬ, ಮ ಹೇಗೆ ಹೇಳ್ತಾರೆ? ‘ಅಮ್ಮ’ ಅನ್ನೋಕೇ ಆಗಲ್ಲ. ಅಮ್ಮ ಅನ್ನದ ಜನ ಹೇಗಿರ್ತಾರೆ, ಯೋಚನೆ ಮಾಡು.”

“ಯೋಚನೆ ನೀನು ಮಾಡು ತಾಯೀ. ನಂಗೆ ಹೊಲಿಯೋಕೆ ರಾಶಿ ಬಟ್ಟೆ ಬಿದ್ದಿದೆ,” ಎಂದೆ. ಮುಂದಿನ ಕೋಣೆಯಲ್ಲಿ ನನ್ನ ಟೈಲರಿಂಗ್ ಅಂಗಡಿ.

ಪಾತ್ರೆ ತೊಳೆಯುವಾಗಲೂ ಬಾಯಿ ಅರ್ಧ ತೆರೆದು ಗಂಟಲಲ್ಲೇ ಏನೋ ಗೊಣಗುತ್ತಿದ್ದಳು. ‘ಬೇರೆಯವರ ಕತೆಯಲ್ಲಿ ಅನ್ಯಗ್ರಹದವರು ಸುಮ್ಮನೆ ಅಕ್ಷರ ಉದುರಿಸುತ್ತಾರೆ, ನಿಮ್ಮವರು ನಿಜವಾಗಿ ಮಾತಾಡುತ್ತಾರೆ’ ಎಂದು ಓದುಗರು ಬರೆದರೆ ಮುಖ ಊರಗಲವಾಗುತ್ತಿತ್ತು.

ಆಗ ನನ್ನ ಗಂಡನಿಗೆ ಪಾರ್ಶ್ವವಾಯು ಹೊಡೆಯಿತು. ಬಸ್ ಕಂಡಕ್ಟರ್ ಅವರು, ಇಡೀ ಬಸ್ಸನ್ನು ಬಾಯಲ್ಲೇ ಆಳಿದವರು. ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಆ ಬಾಯೇ ಒಂದು ಕಡೆಗೆ ಜೋತುಬಿತ್ತು. ತುಟಿಗಳು ಕೂಡುತ್ತಿರಲಿಲ್ಲ. ನನ್ನನ್ನು ‘ಏ ಇವಳೇ’ ಎಂದು ಕೂಗುತ್ತಿದ್ದರಲ್ಲ, ಅದೊಂದನ್ನು ಇನ್ನೊಮ್ಮೆ ಕೇಳಿದರೆ ಸಾಕು ಎನ್ನುವಂತಾಯಿತು ನನಗೆ.

ಡ್ಯೂಟಿ ಮುಗಿಸಿ ಬಂದು ತಂಗಿ ಮಧ್ಯಾಹ್ನ ಅವರಿಗೆ ಪಾಠ ಮಾಡತೊಡಗಿದಳು. ‘ಬಸ್ಸು’ ಎನ್ನಲು ಹೋಗಿ ಬರೀ ಗಾಳಿ ಹೊರಟಾಗ ಅವರು ಲೋಟ ಎತ್ತಿ ಗೋಡೆಗೆ ಬೀಸಿದರು. ತುಟಿ ಬೇಡದ ಕನ್ನಡ ಪದಗಳನ್ನು ಆರಿಸಿ ಕೊಟ್ಟಳು. ಕನ್ನಡ ಎಂದರೆ ಹಿಂದೆ ತಾನು ಹೇಗೆ ಆಡುತ್ತಿದ್ದೆ ಎಂಬುದು ನೆನಪಾಗಿ ಅವರಿಗೆ ಇನ್ನಷ್ಟು ಸಿಟ್ಟು. ಅವಳಿಗೆ ಆಗಲೇ ಆ ಯೋಚನೆ ಹೊಳೆದದ್ದು. ಮೌನಿಗಳ ಭಾಷೆಗೆ ತುಟಿಯೇ ಬೇಡ, ತಪ್ಪಿದರೆ ನಾಚಿಕೆಯೂ ಇಲ್ಲ. ಬಾಯಿ ಪಳಗಿದ ಮೇಲೆ ಕನ್ನಡಕ್ಕೆ ತಿರುಗಿಸಿದರಾಯಿತು.

“ಬರೀ ಸದ್ದು ಬಾಯಲ್ಲಿ ನಿಲ್ಲಲ್ಲ ಅಕ್ಕಾ, ಅರ್ಥ ಇದ್ರೆ ನಿಲ್ಲತ್ತೆ,” ಎಂದು ಅರ್ಥವನ್ನೂ ಕಲಿಸಿದಳು.

ನೀರಿನ ಲೋಟ ತೋರಿಸಿ ಅವಳು “ಞಾರೆ” ಎಂದಳು. ಅವರು “ಞಾರೆ” ಎಂದರು, ಸ್ಪಷ್ಟವಾಗಿ. ನಾನು ಗಳಗಳ ಅತ್ತುಬಿಟ್ಟೆ. ಮುಳುಗುವವಳಿಗೆ ಹುಲ್ಲುಕಡ್ಡಿ ಆಸರೆ, ಮುಂದುವರಿಸು ಎಂದು ನಾನೇ ಅವಳ ಬೆನ್ನು ತಟ್ಟಿದೆ.

ನೋಡನೋಡುತ್ತ ಅವರು ಉದ್ದುದ್ದ ವಾಕ್ಯಗಳನ್ನು ಆಡತೊಡಗಿದರು. ಕನ್ನಡ ಮಾತ್ರ ಒಂದಕ್ಷರ ಬರಲಿಲ್ಲ. “ರೀ, ಊಟಕ್ಕೇಳಿ,” ಎಂದರೆ ಪರಸ್ಥಳದವರ ಮುಖ ನೋಡಿದಂತೆ ನನ್ನ ಮುಖ ನೋಡುತ್ತಿದ್ದರು. ನನ್ನ ಗಂಡನ ಮಾತು ಏನೆಂದು ತಂಗಿಯನ್ನು ಕೇಳಿ ತಿಳಿದುಕೊಳ್ಳುವ ಪಾಡು ನನ್ನದಾಯಿತು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ದಿನ ಅವಳು ಮುಖ ಸಣ್ಣದು ಮಾಡಿಕೊಂಡು ಅಂಗಡಿಗೆ ಬಂದಳು. “ಅಕ್ಕಾ, ಭಾವ ಈಗ ಹೇಳ್ತಿರೋ ಪದಗಳು ನಾನು ಮಾಡಿದ್ದಲ್ಲ.”

“ಅವ್ರೇ ಮಾಡ್ಕೊಂಡಿರ್ಬೇಕು. ನಿಮ್ಮ ಭಾವ ಏನು ಕಡಿಮೆ ಬಾಯಿಯೋರಾ?”

“ಒಂದೆರಡಾದ್ರೆ ಸರಿ, ಮಕ್ಕಳೂ ಮಾಡ್ತಾರೆ. ಆದ್ರೆ ಇದು ದಿನಾ ಬೆಳೀತಿದೆ. ಒಬ್ರೇ ಇದ್ರೆ ಭಾಷೆ ಹೀಗೆ ಬೆಳೆಯಲ್ಲ. ಎದುರಿಗೆ ಆಡೋರು ಇನ್ನೊಬ್ರು ಇರ್ಬೇಕು.”

“ನೀನಿದ್ದೀಯಲ್ಲ.”

“ನಾನಲ್ಲ,” ಎಂದಳು.

ಆಮೇಲೆ ನಾನೂ ಗಮನಿಸಿದೆ. ಕಿಟಕಿಯ ಪಕ್ಕ ಖಾಲಿ ಕುರ್ಚಿ. ಅವರು ಅದರತ್ತ ತಿರುಗಿ ಮಾತಾಡುತ್ತಿದ್ದರು, ಉತ್ತರ ಕೇಳಿಸಿಕೊಳ್ಳುತ್ತಿದ್ದರು, ತಲೆಯಾಡಿಸಿ ನಗುತ್ತಿದ್ದರು. ಒಮ್ಮೊಮ್ಮೆ ನಡುವೆ ಬಾಯಿ ಹಾಕಿದವರನ್ನು ತಡೆಯುವಂತೆ ಕೈ ಎತ್ತುತ್ತಿದ್ದರು. ನಾನು ಒಳಗೆ ಹೋದರೆ ಮಾತು ನಿಲ್ಲುತ್ತಿತ್ತು. ತಂಗಿ ಆ ಕುರ್ಚಿಯಲ್ಲಿ ಕೂರುವುದನ್ನು ಬಿಟ್ಟು ನಿಂತೇ ಪಾಠ ಮಾಡತೊಡಗಿದಳು. ಕುರ್ಚಿಯನ್ನು ಅಟ್ಟಕ್ಕೆ ಹಾಕಲು ನಾನು ಎತ್ತಿದರೆ ಅವರು ಹೆದರಿ ಕಿರುಚಿದರು, ಅಲ್ಲೇ ಇಟ್ಟೆ.

“ಸಾಕು ಮಾಡು ನಿನ್ನ ಭಾಷೆ!” ಎಂದು ಅವಳ ಮೇಲೆ ಹರಿಹಾಯ್ದೆ. ಅವಳು ಪಾಠ ನಿಲ್ಲಿಸಿದಳು. ಕತೆ ಬರೆಯುವುದನ್ನೂ ನಿಲ್ಲಿಸಿದಳು. ಮುಂದಿನ ಕಂತು ಯಾವಾಗ ಎಂದು ಗುಂಪಿನವರು ಕೇಳಿಕೇಳಿ ಸುಮ್ಮನಾದರು. ಅವಳು ಬರೆದ ಮೌನಿಗಳು ಸುಮ್ಮನಾದರು, ನನ್ನ ಗಂಡ ಮಾತ್ರ ಆಗಲಿಲ್ಲ.

“ನೀನು ಕನ್ನಡಾನೇ ಆಡು ಅಕ್ಕಾ,” ಎಂದು ಅವಳು ನನ್ನ ಕೈ ಹಿಡಿದು ಹೇಳಿದಳು. “ಅವರು ಕನ್ನಡ ಕೇಳೋದು ಈಗ ನಿನ್ನ ಬಾಯಿಂದ ಮಾತ್ರ. ನೀನೂ ಆ ಭಾಷೆಗೆ ಇಳಿದ್ರೆ ಅವರನ್ನ ಈ ಕಡೆ ಎಳೆಯೋರು ಯಾರೂ ಇರಲ್ಲ. ಆಣೆ ಮಾಡು.”

ಆಣೆ ಮಾಡಿದೆ. ಅವರ ರೂಟಿನ ಬಸ್ ಸ್ಟಾಪುಗಳನ್ನು ಸಾಲಾಗಿ ಕೂಗಿ ಹೇಳಿದೆ. ಪೇಪರ್ ಓದಿದೆ, ಜಗಳ ತೆಗೆದೆ, ಬೈದೆ. ಅವರು ಮರ್ಯಾದೆಯಿಂದ ಕೇಳಿಸಿಕೊಂಡು ಕಿಟಕಿಯತ್ತ ತಿರುಗುತ್ತಿದ್ದರು. ಒಂದು ವಿಷಯವನ್ನು ಮಾತ್ರ ನಾನು ತಂಗಿಗೆ ಹೇಳಿರಲಿಲ್ಲ. ಗೋಡೆಯ ಈಚೆ ಮಿಷನ್ ತುಳಿಯುತ್ತ ಆ ಪಾಠವನ್ನೆಲ್ಲ ಕೇಳಿಸಿಕೊಂಡವಳು ನಾನು. ಕಲಿಯಬೇಕೆಂದು ಕಲಿತದ್ದಲ್ಲ, ಕಿವಿಗೆ ಬಿದ್ದು ಬಿದ್ದು ಬಂದುಬಿಟ್ಟಿತ್ತು.

ನಿನ್ನೆ ಮಧ್ಯಾಹ್ನ ಊಟ ತೆಗೆದುಕೊಂಡು ಹೋದೆ. ಅವರು ಮಾತು ನಿಲ್ಲಿಸಲಿಲ್ಲ. ನನಗೆ ಅರ್ಥವಾಗುವುದಿಲ್ಲ ಎಂಬ ಧೈರ್ಯವೋ ಏನೋ, ಆ ಭಾಷೆಯಲ್ಲೇ ಕುರ್ಚಿಗೆ ಹೇಳುತ್ತಲೇ ಇದ್ದರು.

“ಪಾಪ, ಇವಳು ದಿನಾ ಬರ್ತಾಳೆ. ಊಟ ಕೊಡ್ತಾಳೆ, ಕೈ ಹಿಡ್ಕೋತಾಳೆ. ಒಳ್ಳೇ ಹೆಂಗಸು. ಏನಾಯ್ತೋ, ಮಾತು ಹೋಗ್ಬಿಟ್ಟಿದೆ. ಏನೇನೋ ಸದ್ದು ಮಾಡ್ತಾಳೆ.”

ಕುರ್ಚಿಯತ್ತ ಬಾಗಿದರು. ಕಿವಿಗೊಟ್ಟು ಕೇಳಿಸಿಕೊಂಡರು. ಕಣ್ಣು ತುಂಬಿಕೊಂಡರು.

“ಹೌದು, ನನಗೂ ಒಬ್ಬಳು ಹೆಂಡ್ತಿ ಇದ್ದಳು. ಬಾಯಿ ತುಂಬ ಮಾತಾಡೋಳು. ಎಲ್ಲಿ ಹೋದಳೋ, ಹುಡುಕೋಕೆ ಬರಲೇ ಇಲ್ಲ.”

ಹೆಂಡತಿ ಎಂಬ ಪದವನ್ನು ತಂಗಿ ಆ ಭಾಷೆಯಲ್ಲಿ ಮಾಡಿರಲೇ ಇಲ್ಲ. ಆದರೂ ನನಗೆ ಅರ್ಥವಾಯಿತು.

ತಟ್ಟೆ ಕೆಳಗಿಟ್ಟೆ. ಆಣೆ ನೆನಪಿತ್ತು. ಈಗ ಬಾಯಿ ತೆರೆದರೆ ಅವರ ಬಾಯಲ್ಲಿ ಕನ್ನಡವನ್ನು ಇನ್ನೆಂದೂ ಕೇಳಲಾರೆ ಎಂದೂ ಗೊತ್ತಿತ್ತು. ಆದರೆ ಹೆಂಡತಿ ತನ್ನನ್ನು ಬಿಟ್ಟುಹೋದಳೆಂದು ಅಳುತ್ತಿರುವ ಮನುಷ್ಯನ ಎದುರು ಸುಮ್ಮನೆ ಕೂರಲು ನಾನೇನು ಕಲ್ಲೇ?

ತುಟಿ ಅಲುಗಿಸದೆ, ಗಂಟಲಿನಿಂದ, ಅವರ ಭಾಷೆಯಲ್ಲೇ ಹೇಳಿದೆ: “ನಾನೇ ಅವಳು.”

ಅವರು ಬೆಚ್ಚಿದರು. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತರು, ನಾನೂ ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು, ನನ್ನ ಕೈ ಬಿಡದೆ ಕುರ್ಚಿಯತ್ತ ತಿರುಗಿ, “ಕೇಳಿದೆಯಾ? ಬಂದಳು,” ಎಂದರು.

ನಾನೂ ಆ ಕಡೆ ತಿರುಗಿದೆ. ಅಲ್ಲಿಂದ ಉತ್ತರ ಬರುವವರೆಗೂ ಇಬ್ಬರೂ ಸುಮ್ಮನೆ ಕೂತಿದ್ದೆವು.