‘ಉಟ್ಟು’ ಉಳಿಸಿದ ಕಮಲಾವತಿ

ಬೆಳಿಗ್ಗೆ ಏಳು ಗಂಟೆ. ಸುಳ್ಯ ಪೇಟೆಯ ಡಿಟಿಪಿ ಅಂಗಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಐವರ್ನಾಡಿನಿಂದ ಮೊದಲ ಬಸ್ಸಿಗೆ ಬಂದ ಕಮಲಾವತಿ ಕಿಟಕಿ ಬದಿ ಕೂತು, ತುಟಿ ಅಲ್ಲಾಡಿಸುತ್ತ ಮದುವೆ ಕರೆಯೋಲೆಯ ಕರಡೊಂದನ್ನು ಓದುತ್ತಿದ್ದಾರೆ. ಕೆಂಪು ಪೆನ್ನು ‘ಸುಮುಹೂರ್ತ’ದ ಬಳಿ ನಿಲ್ಲುತ್ತದೆ. ಅರ್ಕಾವತ್ತು ಮಾಯವಾಗಿದೆ.

“ಒಂದು ಫಾಂಟಿನಿಂದ ಇನ್ನೊಂದಕ್ಕೆ ಹಾಕುವಾಗ ಇದು ಬಿದ್ದುಹೋಗ್ತದೆ ಮಾರಾಯ್ರೆ” ಎನ್ನುತ್ತಾರೆ, ತಲೆ ಎತ್ತದೆ.

ಐವತ್ತಾರರ ಕಮಲಾವತಿ ಕರಡು ತಿದ್ದಲು ಕಲಿತದ್ದು ಪಿಯುಸಿ ಮುಗಿದ ವರ್ಷ, ಪುತ್ತೂರಿನಲ್ಲಿ ಅಚ್ಚುಮೊಳೆ ಜೋಡಿಸುವ ಪ್ರೆಸ್ಸೊಂದರಲ್ಲಿ. ಆ ಪ್ರೆಸ್ ಮುಚ್ಚಿದಾಗ ಗೇರುಬೀಜದ ಕಾರ್ಖಾನೆಗೆ ಹೋದರು. ಬೀಜ ಸುಲಿದು ಬೆರಳು ಕಪ್ಪಾಯಿತು. ಈ ಅಂಗಡಿಯ ಮಾಲಕ ಕೃಷ್ಣಮೋಹನ ಕರೆದ ದಿನವೇ ಮರಳಿ ಬಂದರು. ಈಗ ದಿನಕ್ಕೆ ನಲವತ್ತು ಪುಟಗಳ ಮೇಲೆ ಇವರ ಕಣ್ಣು ಹಾಯುತ್ತದೆ. “ಪುಟ ಕಟ್ಟಿದ ಮೇಲೆ ಒಂದು ಗೆರೆ ಹೆಚ್ಚಾದ್ರೂ ಮುಂದಿನದ್ದೆಲ್ಲ ಜಾರ್ತದೆ. ಹಾಗಾಗಿ ಮೊದಲೇ ನೋಡುದು.”

ಕಳೆದ ವರ್ಷ ಗುತ್ತಿಗಾರಿನ ಕೃಷಿಕ, ಎಂಬತ್ತು ದಾಟಿದ ದೇರಣ್ಣ ಅಚ್ಚು ಹಾಕಿಸಲು ಒಂದು ಪುಸ್ತಕ ತಂದಿದ್ದರು. ಅವರ ತಾಯಿ ಈ ಕಡೆಯ ಮನೆಮಾತಾದ ಅರೆಭಾಷೆಯಲ್ಲಿ ಹೇಳುತ್ತಿದ್ದ ಕಥೆಗಳು, ಪ್ರತಿ ಕಥೆಯ ಕೆಳಗೆ ಕನ್ನಡ ಅರ್ಥ. ಅರೆಭಾಷೆಯಲ್ಲಿ ‘ಉಂಟು’ ಎನ್ನಲು ‘ಉಟ್ಟು’ ಎನ್ನುತ್ತಾರೆ. ಕೆಲಸಕ್ಕೆ ಹೊಸದಾಗಿ ಸೇರಿದ್ದ ರಸೀನಾಳ ಮನೆಮಾತು ಬ್ಯಾರಿ. ಸೊನ್ನೆ ಬಿಟ್ಟುಹೋಗಿದೆ ಎಂದು ತಿಳಿದ ಅವಳು ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟು, ಪುಸ್ತಕದ ಎಲ್ಲ ‘ಉಟ್ಟು’ಗಳನ್ನೂ ‘ಉಂಟು’ ಮಾಡಿ ಫೈಲು ಉಳಿಸಿಬಿಟ್ಟಳು.

ಕನ್ನಡ ಅರ್ಥದಲ್ಲಿ ‘ಹೊಸ ಸೀರೆ ಉಂಟು ಬಂದಳು’ ಎಂಬ ಸಾಲು ಕಂಡು ಕಮಲಾವತಿ ಮೊದಲು ನಕ್ಕರು. ಪುಟ ಮಗುಚುತ್ತ ಹೋದಂತೆ ನಗು ನಿಂತಿತು. ಅದೇ ಆಜ್ಞೆಯನ್ನು ತಿರುಗಿಸಿ ಕೊಡುವಂತೆಯೂ ಇಲ್ಲ. ಕನ್ನಡ ಭಾಗದ ಸರಿಯಾದ ‘ಉಂಟು’ಗಳೆಲ್ಲ ಕೆಡುತ್ತವೆ. ರಸೀನಾ ಅಳತೊಡಗಿದಳು.

“ಬಿಡುಗಡೆಗೆ ಒಂದೇ ವಾರ, ಕಮಲಕ್ಕ. ಸೀರೆಯದ್ದೊಂದು ತಿದ್ದಿ, ಉಳಿದದ್ದು ಹೀಗೇ ಹೋಗ್ಲಿ. ಅರ್ಥ ಆಗ್ತದಲ್ಲ?” ಎಂದರು ಕೃಷ್ಣಮೋಹನ.

“ಅರ್ಥ ಆಗ್ತದೆ. ಆದ್ರೆ ಅವರ ಅಮ್ಮ ಮಾತಾಡಿದ್ದು ಹೀಗಲ್ಲ. ಅಚ್ಚಿಗೆ ಕಳಿಸ್ಲಿಕ್ಕೆ ನಾನು ಸಹಿ ಹಾಕುದಿಲ್ಲ.”

ಕಮಲಾವತಿ ದೇರಣ್ಣನವರಿಗೆ ಫೋನ್ ಮಾಡಿದರು. ಮರುದಿನ ಬೆಳಿಗ್ಗೆ ಅವರು ತಮ್ಮ ಬಳಿಯಿದ್ದ ಹಸ್ತಪ್ರತಿ ಹಿಡಿದು ಬಂದರು. “ಅಜ್ಜ, ನನ್ನಿಂದ ತಪ್ಪಾಯ್ತು” ಎಂದು ರಸೀನಾ ತಾನೇ ಎದುರು ನಿಂತಳು.

“ನಮ್ಮ ಭಾಷೆ ನಿಂಗೆ ಹೇಗೆ ಗೊತ್ತಾಗುದು ಮಗಾ? ನಾನು ಓದ್ತೇನೆ, ನೀನು ಕೇಳು.”

ಮೂರು ಬೆಳಿಗ್ಗೆ ಅಜ್ಜ ಗಟ್ಟಿಯಾಗಿ ಓದಿದರು. ಕಮಲಾವತಿಯ ಬೆರಳು ಪ್ರತಿ ಶಬ್ದದ ಮೇಲೆ ಸರಿಯಿತು. ರಸೀನಾ ಒಂದೊಂದಾಗಿ ತಿದ್ದಿದಳು. ಎರಡನೇ ದಿನಕ್ಕೆ, ಕಮಲಾವತಿ ಬಾಯಿ ತೆರೆಯುವ ಮೊದಲೇ “ಇಲ್ಲಿ ಉಟ್ಟು, ಅಕ್ಕ” ಎನ್ನತೊಡಗಿದಳು.

ಪುಸ್ತಕ ಸಮಯಕ್ಕೆ ಬಂತು. ವೇದಿಕೆಯಲ್ಲಿ ದೇರಣ್ಣ ಒಂದು ಕಥೆ ಓದುವಾಗ, ಎದುರಿನ ಕುರ್ಚಿಯಲ್ಲಿದ್ದ ಅವರ ಅಕ್ಕ ಮುಂದಿನ ವಾಕ್ಯವನ್ನು ತಾನೇ ಹೇಳಿಬಿಟ್ಟರು. ತಾಯಿ ಹೇಳುತ್ತಿದ್ದ ಹಾಗೆಯೇ. ಕಮಲಾವತಿ ಕೊನೆಯ ಸಾಲಿನಲ್ಲಿ ಕೂತು ಅದನ್ನು ಕೇಳಿಸಿಕೊಂಡರು.

“ಸಭೆಯಲ್ಲಿ ನನ್ನ ಹೆಸರು ಯಾರೂ ಹೇಳ್ಲಿಲ್ಲ. ತಪ್ಪು ಉಳಿದಿದ್ರೆ ಖಂಡಿತ ಹೇಳ್ತಿದ್ರು!” ಎಂದು ನಗುತ್ತಾರೆ.

ಏನಾದರೂ ಆಸೆ ಇದೆಯೇ ಎಂದು ಕೇಳಿದೆ.

“ಎಂತ ಆಸೆ? ನೀವು ಬರೆದದ್ದು ಪೇಪರಿಗೆ ಹೋಗುವ ಮೊದಲು ನಂಗೊಮ್ಮೆ ತೋರಿಸಿ. ತುಂಬ ಜನ ‘ಕಮಲವತಿ’ ಅಂತ ಬರೀತಾರೆ. ‘ಲ’ಕ್ಕೆ ದೀರ್ಘ ಉಂಟು.”